ಏಳನೇ ನಂಬರಿನ ಸದ್ದು

ಜೀವಕೋಶಗಳು ಸದ್ದು ಮಾಡುತ್ತವೆ, ಆ ಸದ್ದನ್ನು ಕೇಳಿಸುವ ಯಂತ್ರವೊಂದು ನಮ್ಮ ಲ್ಯಾಬಿನಲ್ಲಿ ತಯಾರಾಗಿದೆ ಎಂದು ನಾನು ಮನೆಯಲ್ಲಿ ಹೇಳಿದ ದಿನ, ನಮ್ಮ ಅತ್ತೆ ಕಾಳಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದರು.

“ಮೈಯಾಗ ಕೋಟಿಗಟ್ಟಲೆ ಕೋಶ ಅದಾವಂತಿ. ಎಲ್ಲಾ ಕೂಡಿ ಒದರಿದ್ರ ನಮಗ ನಿದ್ದಿ ಹೆಂಗ ಹತ್ತತೈತಿ?”

ಹದಿನಾಲ್ಕು ವರ್ಷ ಜೀವಕೋಶಗಳ ಬೆನ್ನು ಹತ್ತಿದವಳು ನಾನು. ಸದ್ದು ತೀರಾ ಸಣ್ಣದು, ಕಿವಿಗೆ ಕೇಳುವಂಥದ್ದಲ್ಲ ಎಂದೆ. ಕೇಳದಿದ್ದದ್ದನ್ನು ಕೇಳಲು ಹೋಗಿ ಸರಕಾರದ ರೊಕ್ಕ ಯಾಕೆ ಹಾಳು ಮಾಡುತ್ತೀರಿ ಎಂದು ಅವರು ಮತ್ತೆ ರೊಟ್ಟಿ ಬಡಿಯತೊಡಗಿದರು. ಪಕ್ಕದಲ್ಲಿ ಕೂತು ಎಡಗೈಯಲ್ಲಿ ಚಹಾ ಕುಡಿಯುತ್ತಿದ್ದ ಮಾವ ಫಕೀರಪ್ಪನವರು ನಕ್ಕರು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಇನ್ನೊಂದು ವಿಷಯವನ್ನೂ ಈಗಲೇ ಹೇಳಿಬಿಡುತ್ತೇನೆ. ಇದು ಯಂತ್ರದ ಕಥೆಯಂತೆ ಕಂಡರೂ ನನ್ನ ಮಾವನ ಬಲಗೈಯ ಕಥೆ. ಮೇಲಿನ ಸಾಲಿನಲ್ಲಿ ‘ಎಡಗೈಯಲ್ಲಿ ಚಹಾ’ ಎಂದು ಬರೆದೆನಲ್ಲ, ಅದನ್ನು ನೀವು ಗಮನಿಸಿದ್ದರೆ ನೀವು ನನಗಿಂತ ಜಾಣರು. ನಾನು ನಡುಕ ರೋಗದ, ಎಂದರೆ ಪಾರ್ಕಿನ್ಸನ್ ರೋಗದ ಸಂಶೋಧಕಿ. ಅದು ನನ್ನ ಮನೆಯ ಅಡುಗೆಮನೆಯಲ್ಲೇ ಒಂದು ವರ್ಷ ಕೂತಿತ್ತು. ನನಗೆ ಕಾಣಲಿಲ್ಲ.

ಆ ಹೊತ್ತಿಗೆ ಈ ರೋಗಕ್ಕೆ ಒಂದು ಹೊಸ ಗುಳಿಗೆ ಬಂದಿತ್ತು. ಒಳ್ಳೆಯ ಗುಳಿಗೆ. ಆದರೆ ಅದು ಇರುವುದನ್ನು ಉಳಿಸುತ್ತಿತ್ತೇ ಹೊರತು ಹೋದದ್ದನ್ನು ತರುತ್ತಿರಲಿಲ್ಲ. ಕೈ ನಾಲ್ಕು ಜನಕ್ಕೆ ಕಾಣುವಷ್ಟು ನಡುಗಿ, ಮನೆಯವರು ಒತ್ತಾಯ ಮಾಡಿ, ಡಾಕ್ಟರರ ಹತ್ತಿರ ಹೋಗುವ ಹೊತ್ತಿಗೆ ಮೆದುಳಿನಲ್ಲಿ ಆ ಕೆಲಸ ಮಾಡುವ ಕೋಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತುಹೋಗಿರುತ್ತವೆ. ಹಾಗಾಗಿ ಗುಳಿಗೆ ಇದ್ದೂ ಇಲ್ಲದಂತಾಗಿತ್ತು. ರೋಗ ಕೈಗೆ ಬರುವ ಮೊದಲೇ ಅದನ್ನು ಹಿಡಿಯಬೇಕು. ಹಿಡಿಯುವುದಕ್ಕೆಂದೇ ನಮ್ಮ ಯಂತ್ರ.

ಯಂತ್ರದ ಹೆಸರು ಕಾಗದದಲ್ಲಿ ಒಂದೂವರೆ ಸಾಲು ಇದೆ. ನಾವು ಅದನ್ನು ‘ಕಿವಿ’ ಎನ್ನುತ್ತಿದ್ದೆವು. ತೋಳಿನ ತೊಗಲಿನಿಂದ ಎಳ್ಳಿನಷ್ಟು ತುಣುಕು ತೆಗೆದು, ಅದರ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸುತ್ತೇವೆ. ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಗಾಜಿನ ಕಡ್ಡಿ ಒಂದು ಕೋಶದ ಮೈಗೆ ತಾಗುತ್ತದೆ. ಕೋಶದೊಳಗೆ ನಡೆಯುವ ಓಡಾಟಕ್ಕೆ ಕಡ್ಡಿ ಅಲುಗುತ್ತದೆ, ಆ ಅಲುಗಾಟವನ್ನು ಕಂಪ್ಯೂಟರು ದೊಡ್ಡದು ಮಾಡಿ ಸ್ಪೀಕರಿಗೆ ಕಳಿಸುತ್ತದೆ. ದೂರದಲ್ಲಿ ಹಿಟ್ಟಿನ ಗಿರಣಿ ಓಡಿದಂತೆ ಕೇಳುತ್ತದೆ.

ಒಳಗಿನ ಓಡಾಟ ಎಂದರೆ ಇದು. ಪ್ರತಿ ಕೋಶದಲ್ಲೂ ಮೈಟೊಕಾಂಡ್ರಿಯಾ ಎಂಬ ಸಣ್ಣ ಸಣ್ಣ ಶಕ್ತಿಯ ಒಲೆಗಳಿವೆ. ನೂಲಿನಂಥ ಹಳಿಗಳ ಮೇಲೆ ಅವುಗಳನ್ನು ಹೊತ್ತು ನಡೆಯುವ ಪ್ರೋಟೀನುಗಳೂ ಇವೆ. ಒಲೆ ಕೆಟ್ಟರೆ ಆರೋಗ್ಯವಂತ ಕೋಶ ಅದನ್ನು ಹಳಿಯಿಂದ ಬಿಡಿಸಿ ಗುಜರಿಗೆ ಹಾಕುತ್ತದೆ. ನಡುಕ ರೋಗದವರ ಕೋಶಕ್ಕೆ ಆ ಬಿಡಿಸುವ ಕೆಲಸ ಬರುವುದಿಲ್ಲ. ಕೆಟ್ಟ ಒಲೆ ಹಳಿಯ ಮೇಲೆಯೇ ಎಳೆದಾಡುತ್ತ ಹೊಗೆಯಾಡುತ್ತ ಉಳಿಯುತ್ತದೆ. ತೊಗಲಿನ ಕೋಶ ಹೇಗೋ ತಡೆದುಕೊಳ್ಳುತ್ತದೆ, ಮೆದುಳಿನ ಕೋಶ ಸಾಯುತ್ತದೆ. ಹಾಗಾದರೆ ಆ ಎಳೆದಾಟ ತೊಗಲಿನ ಕೋಶದಲ್ಲಿ ನಮ್ಮ ಕಿವಿಗೆ ಕೇಳಬೇಕಲ್ಲ?

ಕೇಳುತ್ತಿರಲಿಲ್ಲ. ಇಪ್ಪತ್ತು ರೋಗಿಗಳ ಕೋಶ, ಇಪ್ಪತ್ತು ಆರೋಗ್ಯವಂತರ ಕೋಶ. ಕಂಪ್ಯೂಟರಿಗೆ ಎಲ್ಲವೂ ಒಂದೇ. ಡಿಸೆಂಬರಿನಲ್ಲಿ ದಿಲ್ಲಿಯಿಂದ ಅನುದಾನದ ಸಮಿತಿ ಬರುವುದಿತ್ತು. ಅಷ್ಟರೊಳಗೆ ಯಂತ್ರ ಎರಡನ್ನೂ ಬೇರೆ ಮಾಡಿ ತೋರಿಸದಿದ್ದರೆ ಅದನ್ನು ಮೂಲೆಗೆ ಸರಿಸುತ್ತಾರೆ, ಜನ ಎಂದಿನಂತೆ ತಡವಾಗಿಯೇ ಆಸ್ಪತ್ರೆಗೆ ಬರುತ್ತಿರುತ್ತಾರೆ.

ಇಲ್ಲಿ ನಮ್ಮ ಊರಿನ ಒಂದು ಸಂಗತಿ ಹೇಳಬೇಕು. ಹುಬ್ಬಳ್ಳಿಯಲ್ಲಿ ರೋಗಿಗಳನ್ನು ಹುಡುಕುವುದು ಸುಲಭ, ಆರೋಗ್ಯವಂತರನ್ನು ಹುಡುಕುವುದು ಕಷ್ಟ. ಅರವತ್ತು ದಾಟಿದವರನ್ನು ಕರೆದು ನೋಡಿ, “ಏನೂ ಆಗಿಲ್ಲ ಅಂದ ಮ್ಯಾಲ ಯಾಕ ಬರ್ಲಿ?” ಎಂದು ಕೇಳುತ್ತಾರೆ. ಆಸ್ಪತ್ರೆಯ ಮೆಟ್ಟಿಲು ಹತ್ತಿದವನಿಗೆ ಏನೋ ಆಗಿರಲೇಬೇಕು ಎಂಬುದು ಓಣಿಯ ತೀರ್ಮಾನ. ಅದಕ್ಕಾಗಿ ನಾವು ಮನೆಮಂದಿಯನ್ನೇ ಹಿಡಿದೆವು. ನನ್ನ ಸಂಶೋಧನಾ ವಿದ್ಯಾರ್ಥಿನಿ ತಬಸ್ಸುಮ್ ನದಾಫ್ ತನ್ನ ದೊಡ್ಡಪ್ಪನನ್ನು ಕರೆತಂದಳು, ಕ್ಲರ್ಕು ತನ್ನ ಅತ್ತೆಯನ್ನು ತಂದ, ನಾನು ನಮ್ಮ ಮಾವನನ್ನು ಕೇಳಿದೆ. ಅವರು ಹೂಂ ಎಂದರು. ನಿಯಮದ ಪ್ರಕಾರ ನರರೋಗದ ಡಾಕ್ಟರು ಎಲ್ಲರನ್ನೂ ಪರೀಕ್ಷೆ ಮಾಡಬೇಕಿತ್ತು. ಡಾಕ್ಟರು ಬರುವುದು ಗುರುವಾರ ಮಾತ್ರ. ನಮ್ಮವರೇ ಅಲ್ಲವೇ ಎಂದು ನಾನೇ ಪಡಸಾಲೆಯಲ್ಲಿ ಕೂತು ಫಾರ್ಮು ತುಂಬಿದೆ. ಕೈ ನಡುಗುತ್ತದೆಯೇ ಎಂಬ ಪ್ರಶ್ನೆಗೆ ಮಾವ ಇಲ್ಲ ಎಂದರು. ಕೆಳಗೆ ನಾನು ಸಹಿ ಹಾಕಿದೆ.

ಮಾವನ ಬಗ್ಗೆ ಸ್ವಲ್ಪ ಹೇಳುತ್ತೇನೆ. ಮೂವತ್ತಾರು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಕಮ್ಮಾರರ ಮನೆತನ, ಅಪ್ಪ ಕುಲುಮೆ ಊದಿದ, ಮಗ ಡೀಸೆಲ್ ಎಂಜಿನ್ ಬಿಚ್ಚಿದ. ಅವರ ಹತ್ತಿರ ಮೊಳದುದ್ದದ ಒಂದು ಸ್ಕ್ರೂಡ್ರೈವರ್ ಇದೆ. ಅದರ ತುದಿಯನ್ನು ಓಡುವ ಎಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ ನಿಂತರೆ, ಎಂಟನೇ ದಿನ ಹೋಗಬೇಕಾದ ಬೇರಿಂಗನ್ನು ಇವತ್ತೇ ಹೇಳುತ್ತಿದ್ದರಂತೆ. ಈಗ ಊರಿನ ಬಸ್ಸುಗಳೆಲ್ಲ ಕರೆಂಟಿನವು, ಸದ್ದೇ ಮಾಡುವುದಿಲ್ಲ. ಹಿಂದಿನಿಂದ ಬಂದರೆ ಗೊತ್ತಾಗದ ಗಾಡಿ ಎಂಥ ಗಾಡಿ ಎಂದು ಮಾವ ಬೈಯುತ್ತಿದ್ದರು. ಓಣಿಯವರ ಮಿಕ್ಸರು, ಹೊಲಿಗೆ ಯಂತ್ರ, ನೀರೆತ್ತುವ ಮೋಟಾರು ರಿಪೇರಿ ಮಾಡಿಕೊಂಡು ಹಾಯಾಗಿದ್ದರು. ಆ ವರ್ಷ ಮಾತ್ರ ಯಾರು ಏನು ತಂದರೂ ಇದು ಮುಗೀತು, ಹೊಸದು ತಗೊಳ್ಳಿ ಎಂದು ವಾಪಸು ಕಳಿಸುತ್ತಿದ್ದರು. ವಯಸ್ಸಾಯಿತು, ಬೇಸರ ಬಂದಿದೆ ಎಂದುಕೊಂಡೆವು.

ಅದೇ ವರ್ಷ ಮನೆಯಲ್ಲಿ ಇಂಗಿನ ಜಗಳ ಶುರುವಾಗಿತ್ತು. ಸಾರಿಗೆ ಇಂಗು ಹಾಕಿಲ್ಲ ಎಂದು ಮಾವ, ಹಾಕಿದ್ದೇನೆ ಎಂದು ಅತ್ತೆ. ಅತ್ತೆ ಮೂರು ಸಲ ಅಂಗಡಿ ಬದಲಿಸಿದರು. ಒಗ್ಗರಣೆಗೆ ಇಷ್ಟು ದೊಡ್ಡ ಹಳಕು ಹಾಕಿ, ಮನೆಮಂದಿಯೆಲ್ಲ ಕೆಮ್ಮುತ್ತ ಹೊರಗೆ ಓಡಿದ ದಿನವೂ ಮಾವ ತಟ್ಟೆಯ ಮುಂದೆ ಕೂತು ವಾಸನೆಯೇ ಇಲ್ಲವಲ್ಲ ಎಂದರು. ನಲವತ್ತೈದು ವರ್ಷದಲ್ಲಿ ತನ್ನ ಅಡುಗೆಗೆ ಯಾರೂ ಹೆಸರಿಟ್ಟಿರಲಿಲ್ಲ ಎಂದು ಅತ್ತೆ ಎರಡು ದಿನ ಮಾತು ಬಿಟ್ಟರು. ವಾಸನೆ ಗೊತ್ತಾಗದಿರುವುದು ನಡುಕ ರೋಗದ ಮೊದಲ ಗುರುತುಗಳಲ್ಲಿ ಒಂದು ಎಂದು ನಾನು ವಿದ್ಯಾರ್ಥಿಗಳಿಗೆ ವರ್ಷಾ ವರ್ಷಾ ಪಾಠ ಮಾಡುತ್ತೇನೆ. ಮನೆಯಲ್ಲಿ ಮಾತ್ರ ನಾನೂ ನನ್ನ ಗಂಡ ಮೌನೇಶನೂ ಗಂಡ ಹೆಂಡತಿಯ ಜಗಳದ ನಡುವೆ ಹೋಗಬಾರದೆಂದು ಬಾಯಿ ಮುಚ್ಚಿಕೊಂಡಿದ್ದೆವು.

ಅಕ್ಟೋಬರಿನ ಒಂದು ಮಧ್ಯಾಹ್ನ ನಾನು ಊಟದ ಡಬ್ಬಿ ಮರೆತು ಹೋಗಿದ್ದೆ. ಮಾವ ನವನಗರದ ಲ್ಯಾಬಿಗೆ ಡಬ್ಬಿ ತಂದರು. ಆಗ ಸ್ಪೀಕರಿನಿಂದ ಸದ್ದು ಬರುತ್ತಿತ್ತು. ನಾನೂ ತಬಸ್ಸುಮಳೂ ಪರದೆ ನೋಡುತ್ತ ತಲೆ ಕೆಡಿಸಿಕೊಂಡಿದ್ದೆವು. ಡಬ್ಬಿ ಇಟ್ಟು ಹೋಗುತ್ತಾರೆಂದರೆ ಹೋಗಲಿಲ್ಲ. ಬಾಗಿಲ ಬಳಿ ಕತ್ತು ವಾಲಿಸಿ ನಿಂತೇ ಇದ್ದರು. ಆಮೇಲೆ, ಈ ಖೋಲಿ ಯಾಕೆ ಇಷ್ಟು ತಣ್ಣಗಿದೆ ಎಂದು ಕೇಳಿದರು. ಯಂತ್ರ ಬಿಸಿಯಾಗಬಾರದೆಂದು ಏಸಿ ಹಾಕಿದ್ದೇವೆ ಎಂದೆ. ಕೋಶಗಳು ಏನು ಮಾಡುತ್ತಿವೆ ಎಂದು ಕೇಳಿದರು. ಏನೂ ಇಲ್ಲ, ಅವುಗಳಿಗೆ ಬೇಕಾದ ಸಕ್ಕರೆ, ಉಪ್ಪು ಎಲ್ಲ ಹಾಕಿ ಹಾಯಾಗಿ ಇಟ್ಟಿದ್ದೇವೆ ಎಂದೆ.

“ನಿಂತ ಗಾಡಿ ಸದ್ದು ಕೇಳಿ ರೋಗ ಹೇಳಾಕ ಬರೂದಿಲ್ಲವಾ,” ಎಂದರು ಮಾವ. “ನ್ಯೂಟ್ರಲ್‌ನಾಗ ಎಲ್ಲಾ ಎಂಜಿನ್ನೂ ಸಂಭಾವಿತರಂಗ ಇರ್ತಾವ. ಮೊದಲ ಬೆಚ್ಚಗ ಮಾಡು. ಆಮ್ಯಾಲ ಲೋಡ್ ಹಾಕಿ ಘಾಟ್ ಹತ್ತಸು. ಆವಾಗ ತಾನಾ ಹೇಳತೈತಿ ತನ್ನ ಹಣೆಬರಾ.”

ನನಗೆ ರೇಗಿತು. ಇದು ಅರಬೈಲ್ ಘಾಟಿನ ಬಸ್ಸಲ್ಲ, ಜೀವಕೋಶ ಎಂದು ಚುಟುಕಾಗಿ ಹೇಳಿ ಡಬ್ಬಿ ತೆರೆದು ಕೂತೆ. ಮಾವ ಬೇಜಾರು ಮಾಡಿಕೊಳ್ಳಲಿಲ್ಲ, ಹೋದರು. ತಬಸ್ಸುಮ್ ಮಾತ್ರ ರೊಟ್ಟಿ ಮುರಿಯುತ್ತ ಸಣ್ಣಗೆ ಒಂದು ಮಾತು ಹೇಳಿದಳು: ಕೋಶಕ್ಕೆ ಲೋಡ್ ಹಾಕುವ ಔಷಧ ನಮ್ಮ ಫ್ರಿಜ್ಜಿನಲ್ಲೇ ಇದೆಯಲ್ಲ ಮೇಡಂ. ಇತ್ತು. ಮೈಟೊಕಾಂಡ್ರಿಯಾಗಳನ್ನು ಬೇಕೆಂದೇ ಕೆಡಿಸುವ ಔಷಧ. ಒಲೆ ಕೆಟ್ಟರೆ ತಾನೆ ಬಿಡಿಸುವ ಕೆಲಸ? ಕೆಡದ ಒಲೆಯ ಕೋಶವನ್ನು ಎಂಟು ತಿಂಗಳು ಕೇಳುತ್ತ ಕೂತಿದ್ದೆವು ನಾವು. ಊಟ ಅರ್ಧಕ್ಕೆ ಬಿಟ್ಟು ಎದ್ದೆ.

ಏಸಿ ಆರಿಸಿ, ತಟ್ಟೆಯನ್ನು ಮೈಯ ಬಿಸಿಗೆ ತಂದು, ಎರಡು ಹನಿ ಔಷಧ ಹಾಕಿ ಕಾದೆವು. ಇಪ್ಪತ್ತು ನಿಮಿಷಕ್ಕೆ ಆರೋಗ್ಯವಂತರ ಕೋಶದ ಸದ್ದು ಒಮ್ಮೆ ಗಡಗಡ ಎಂದು, ಆಮೇಲೆ ತಗ್ಗಿ, ಮತ್ತೆ ಸಮನಾಯಿತು. ರೋಗಿಯ ಕೋಶದ್ದು ಸಮನಾಗಲೇ ಇಲ್ಲ. ಅಥವಾ ನಮಗೆ ಹಾಗೆ ಅನ್ನಿಸಿತು. ಕಂಪ್ಯೂಟರು ಆಗಲೂ ಹತ್ತಕ್ಕೆ ಆರು ಸಲ ಸರಿ ಹೇಳುತ್ತಿತ್ತು ಅಷ್ಟೆ. ವ್ಯತ್ಯಾಸ ಎಲ್ಲಿದೆ ಎಂದು ಅದಕ್ಕೆ ಕಲಿಸಬೇಕಾದರೆ ಮೊದಲು ನಮಗೆ ಗೊತ್ತಾಗಬೇಕಿತ್ತು.

ಮರುದಿನ ನಾನು ಮಾವನ ಮುಂದೆ ಹೋಗಿ ನಿಂತೆ. ತಪ್ಪಾಯಿತು ಎನ್ನುವುದು ನನಗೆ ಸುಲಭವಲ್ಲ. ಲ್ಯಾಬಿಗೆ ಬರುತ್ತೀರಾ ಎಂದು ಮಾತ್ರ ಕೇಳಿದೆ. ಮಾವ ಸ್ಕ್ರೂಡ್ರೈವರ್ ತಗೊಂಡು ಸ್ಕೂಟರಿನ ಹಿಂದೆ ಹತ್ತಿದರು. ಸ್ಪೀಕರಿಗೆ ಅದು ಯಾಕೆ ಬೇಕು ಎಂದು ತಬಸ್ಸುಮ್ ನಕ್ಕಳು. ಅಭ್ಯಾಸ, ಅದಿಲ್ಲದಿದ್ದರೆ ಕಿವಿ ಏಕಾಗ್ರವಾಗುವುದಿಲ್ಲ ಎಂದರು. ಸ್ಕ್ರೂಡ್ರೈವರಿನ ತುದಿಯನ್ನು ಸ್ಪೀಕರಿನ ಡಬ್ಬಕ್ಕೆ ತಾಗಿಸಿ, ಹಿಡಿಯನ್ನು ಕಿವಿಯ ಹಿಂದೆ ಒತ್ತಿ, ಕಣ್ಣು ಮುಚ್ಚಿ ನಿಂತರು. ಬಲಗೈ ಜುಬ್ಬಾದ ಕಿಸೆಯಲ್ಲಿತ್ತು.

ರೋಗಿಯೊಬ್ಬರದಾದ ಮೂರನೇ ತಟ್ಟೆಗೆ ಅವರ ಹುಬ್ಬು ಗಂಟಾಯಿತು. “ಇದರದ ಕ್ಲಚ್ ಬಿಡವಲ್ದು,” ಎಂದರು.

ಗೇರಲ್ಲ, ಬೇರಿಂಗಲ್ಲ, ಕ್ಲಚ್ಚೇ ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದೆ. ಎಂಜಿನ್ ಬಿಡು ಅಂತದೆ, ಗಾಲಿ ಬಿಡುತ್ತಿಲ್ಲ, ಎಳಕೊಂಡೇ ಹೊಂಟದೆ, ಆ ಸದ್ದು ಬೇರೆ ಎಂದರು. ಕೆಟ್ಟ ಮೈಟೊಕಾಂಡ್ರಿಯಾವನ್ನು ಹಳಿಯಿಂದ ಬಿಡಿಸಲಾಗದ ಕೋಶದ ಬಗ್ಗೆ ನಾನು ಅವರಿಗೆ ಒಂದು ಅಕ್ಷರವನ್ನೂ ಹೇಳಿರಲಿಲ್ಲ. ತಬಸ್ಸುಮ್ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಅಲ್ಲಿಂದ ಆರು ವಾರ ಲ್ಯಾಬಿನಲ್ಲಿ ಹಬ್ಬ. ಮಾವ ದಿನಾ ಹತ್ತಕ್ಕೆ ಬರುತ್ತಿದ್ದರು. ರೋಗಿಗಳ ತಟ್ಟೆ ಒಂದೊಂದಾಗಿ ಕೇಳಿ ಅವರು ‘ಇಲ್ಲಿ’ ಎಂದ ಕಡೆ ತಬಸ್ಸುಮ್ ಗುಂಡಿ ಒತ್ತುತ್ತಿದ್ದಳು, ಕಂಪ್ಯೂಟರು ಆ ಜಾಗವನ್ನು ಕಲಿಯುತ್ತಿತ್ತು. ಅವಳನ್ನು ಅವರು ಕಂಡಕ್ಟರ್ ಎಂದು ಕರೆಯತೊಡಗಿದರು, ಅವಳು ರೈಟ್ ರೈಟ್ ಎಂದು ಮುಂದಿನ ತಟ್ಟೆ ಇಡುತ್ತಿದ್ದಳು. ನಮ್ಮ ನಿರ್ದೇಶಕರು ಒಮ್ಮೆ ಬಂದು, ಸ್ಪೀಕರಿಗೆ ಸ್ಕ್ರೂಡ್ರೈವರ್ ಹಚ್ಚಿ ಧ್ಯಾನಕ್ಕೆ ನಿಂತ ಮುದುಕರನ್ನು ನೋಡಿ, ಏನೂ ಕೇಳದೆ ಹೊರಟುಹೋದರು. ಅತ್ತೆ ಮಾತ್ರ ಸಿಡಿಮಿಡಿ. ಸಾರಿನ ವಾಸನೆ ತಿಳಿಯದವರಿಗೆ ಕೋಶದ ಸದ್ದು ತಿಳಿಯುತ್ತದೆಯಂತೆ, ಯಾರ ಮುಂದೆ ಹೇಳಲಿ ಎನ್ನುತ್ತಿದ್ದರು.

ನವೆಂಬರ್ ಕೊನೆಯಲ್ಲಿ ಕೊನೆಯ ಪರೀಕ್ಷೆ ಇಟ್ಟೆವು. ತಬಸ್ಸುಮ್ ಒಬ್ಬಳೇ ಕೂತು ನಲವತ್ತು ತಟ್ಟೆಗಳಿಗೆ ಹೊಸ ನಂಬರು ಅಂಟಿಸಿ, ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿದಳು. ಯಾವುದು ಯಾರದೆಂದು ನನಗೂ ಗೊತ್ತಿರಲಿಲ್ಲ. ಕಂಪ್ಯೂಟರಿನ ತೀರ್ಪು ಬೇರೆ, ಮಾವನ ತೀರ್ಪು ಬೇರೆ, ಇಬ್ಬರೂ ಒಬ್ಬರದನ್ನೊಬ್ಬರು ನೋಡುವಂತಿಲ್ಲ. ಎರಡು ದಿನ ಹಿಡಿಯಿತು. ಕೊನೆಗೆ ಮೂವರೂ ಮೇಜಿನ ಸುತ್ತ ಕೂತು ಲಕೋಟೆ ಒಡೆದೆವು.

ಇಪ್ಪತ್ತು ರೋಗಿಗಳನ್ನೂ ಮಾವ ಹಿಡಿದಿದ್ದರು. ಕಂಪ್ಯೂಟರೂ ಹಿಡಿದಿತ್ತು. ಆದರೆ ಇಬ್ಬರೂ ಒಂದನ್ನು ಹೆಚ್ಚಿಗೆ ಹಿಡಿದಿದ್ದರು, ಏಳನೇ ನಂಬರು. ನಲವತ್ತರಲ್ಲಿ ಒಂದೇ ತಪ್ಪು ಮೇಡಂ ಎಂದು ತಬಸ್ಸುಮ್ ಕುಣಿಯುವುದೊಂದು ಬಾಕಿ. ಪಟ್ಟಿಯಲ್ಲಿ ಏಳರ ಮುಂದೆ ‘ಆರೋಗ್ಯ–3’ ಎಂದಿತ್ತು. ಆ ಸಂಕೇತಗಳ ಹೆಸರುಗಳಿರುವ ರಿಜಿಸ್ಟರು ನನ್ನ ಕಪಾಟಿನಲ್ಲಿತ್ತು, ತೆಗೆದು ನೋಡುವ ಅಗತ್ಯವೇ ಇರಲಿಲ್ಲ. ಮೂರನೇ ಫಾರ್ಮು ನಾನೇ ಪಡಸಾಲೆಯಲ್ಲಿ ಕೂತು ತುಂಬಿದ್ದು.

ಅದು ತಪ್ಪಿರಬೇಕು, ತಟ್ಟೆ ಕೆಟ್ಟಿರಬೇಕು ಎಂದು ನಾನು ಅಂದೆ. ಮಾವ ಒಪ್ಪಲಿಲ್ಲ. ಏಳನ್ನು ಮತ್ತೊಮ್ಮೆ ಹಚ್ಚಲು ಹೇಳಿ ಮತ್ತೆ ಸ್ಕ್ರೂಡ್ರೈವರ್ ಒತ್ತಿ ನಿಂತರು. ಪೂರ್ತಿ ಐದು ನಿಮಿಷ ಕೇಳಿದರು.

“ತಪ್ಪಲ್ಲವಾ ಇದು. ಕ್ಲಚ್ಚಿಂದ ತ್ರಾಸ. ಆದ್ರ ಉಳಿದವುಕ್ಕಿಂತ ಭಾಳ ಶುರುವಾತಿನಾಗ ಐತಿ. ಈಗ ಕೈ ಹಾಕಿದ್ರ ಗಾಡಿ ಉಳಿತೈತಿ. ಮಾಲಕರಿಗೆ ಇವತ್ತ ಹೇಳಿ ಕಳಸು, ತಡಾ ಮಾಡಬ್ಯಾಡ ಅನ್ನು.”

“ಮಾಲಕರು ನೀವ ಅದೀರಿ, ಮಾವಾರ,” ಎಂದೆ.

ಹೇಳುವ ರೀತಿ ಅದಲ್ಲ, ಗೊತ್ತು. ರೋಗಿಗಳಿಗೆ ಹೇಗೆ ಹೇಳಬೇಕೆಂದು ನಾನು ತರಬೇತಿ ಕೊಡುತ್ತೇನೆ. ಆದರೆ ಬಾಯಿಂದ ಬಿದ್ದುಹೋಯಿತು, ಹಿಂದೆಯೇ ಅಳು ಬಂತು. ತಬಸ್ಸುಮ್ ಚಹಾ ತರುತ್ತೇನೆಂದು ಎದ್ದು ಹೋದಳು. ಮಾವ ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ಇಟ್ಟರು. ಆಮೇಲೆ ಕಿಸೆಯಿಂದ ಬಲಗೈ ತೆಗೆದು ಅದರ ಪಕ್ಕದಲ್ಲಿ ಇಟ್ಟರು. ಹೆಬ್ಬೆರಳು ತೋರುಬೆರಳು ಒಂದಕ್ಕೊಂದು ತಿಕ್ಕುತ್ತ, ಕಾಣದ ಮಾತ್ರೆಯೊಂದನ್ನು ಉರುಳಿಸುತ್ತಿದ್ದವು. ಪುಸ್ತಕದಲ್ಲಿ ಇರುವ ಹಾಗೆಯೇ. ಒಂದು ವರ್ಷದಿಂದ ಇದೆ ಎಂದರು. ಕೂತಾಗ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದರಂತೆ, ನಡೆಯುವಾಗ ಕಿಸೆಯಲ್ಲಿ.

ಹೇಳಬಾರದಿತ್ತೇ ಎಂದು ಸಿಟ್ಟಿನಿಂದಲೇ ಕೇಳಿದೆ. ಡಿಪೋದಲ್ಲಿ ಕೈ ನಡುಗುವ ಮೆಕ್ಯಾನಿಕನನ್ನು ಎಂಜಿನ್ ಮುಟ್ಟಲು ಬಿಡುವುದಿಲ್ಲ, ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಲು ಕೂರಿಸುತ್ತಾರೆ ಎಂದರು ಅವರು. ಮನೆಯಲ್ಲಿ ಹಾಗೆ ಕೂರುವುದು ಅವರಿಗೆ ಬೇಡವಾಗಿತ್ತು. ಮತ್ತೆ ನಾನು ಫಾರ್ಮು ಹಿಡಿದು ಅಷ್ಟು ಆಸೆಯಿಂದ ಬಂದಿದ್ದೆನಂತೆ, ಸೊಸೆಗೆ ಒಬ್ಬ ಗಟ್ಟಿ ಮುದುಕ ಬೇಕಾಗಿದ್ದ.

“ಕೈ ನಡಗತಾವೇನು ಅಂತ ಕೇಳಿದಿ. ಎಡಗೈ ನೋಡಿಕೊಂಡು ಇಲ್ಲ ಅಂದೆ,” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ಯಾವುದೋ ದೊಡ್ಡ ಚಿಂತೆ ಇಳಿದವರಂತೆ ಹೇಳಿದರು: “ಹಂಗಾದ್ರ ನನ್ನ ಕಿವಿ ಇನ್ನೂ ಸುದ್ದ ಐತಿ.”

ನನ್ನ ಕಣ್ಣೀರು ನಿಂತದ್ದು ಆ ಮಾತಿಗೆ. ಶುರುವಾತಿನಲ್ಲಿದೆ ಎಂದು ಅವರೇ ಹೇಳಿದ್ದರು. ಅವರ ಕಿವಿ ನಲವತ್ತಕ್ಕೆ ನಲವತ್ತು ಸರಿ ಇದ್ದರೆ ಆ ಮಾತೂ ಸರಿ ಇರಬೇಕು. ಲೆಕ್ಕ ಹಾಗೆ ನೋಡಿದರೆ ನಾವು ತಡ ಮಾಡಿರಲಿಲ್ಲ.

ಸಂಜೆ ಅತ್ತೆಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹಾಲು ಕಾಯಿಸುತ್ತಿದ್ದರು. ರೋಗದ ಹೆಸರು ಹೇಳಿದೆ, ಗುಳಿಗೆ ಇದೆ ಎಂದೆ, ಗುರುವಾರ ಡಾಕ್ಟರಿಗೆ ತೋರಿಸುತ್ತೇವೆ ಎಂದೆ. ಈ ರೋಗದಲ್ಲಿ ಮೊದಲು ಹೋಗುವುದು ಮೂಗು, ಅದಕ್ಕೇ ಅವರಿಗೆ ಇಂಗಿನ ವಾಸನೆ ಬರುತ್ತಿರಲಿಲ್ಲ ಎಂದೂ ಹೇಳಿದೆ. ಅತ್ತೆ ಗ್ಯಾಸ್ ಆರಿಸಿ ಪಡಸಾಲೆಗೆ ಹೋಗಿ ಮಾವನ ಮುಂದೆ ನಿಂತರು.

“ಹಂಗಾದ್ರ ನನ್ನ ಸಾರು ಸುದ್ದಾಗಿತ್ತು,” ಎಂದರು. ಅಷ್ಟು ಹೇಳಿ ಅವರ ಪಕ್ಕದಲ್ಲಿ ಕೂತು, ನಡುಗುವ ಆ ಬಲಗೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡು ಗೊಳೋ ಎಂದು ಅತ್ತರು. ಮಾವ ಎಡಗೈಯಿಂದ ಅವರ ಬೆನ್ನು ಸವರುತ್ತ, ಸುದ್ದಾಗಿತ್ತು, ಎಲ್ಲಾ ಸುದ್ದಾಗಿತ್ತು ಎನ್ನುತ್ತಿದ್ದರು. ನಾನು ಅಡುಗೆಮನೆಗೆ ವಾಪಸು ಬಂದು ಹಾಲು ಕಾಯಿಸಿದೆ.

ಗುರುವಾರ ಡಾಕ್ಟರು ಪರೀಕ್ಷೆ ಮಾಡಿ ಹೌದೆಂದರು, ತೀರಾ ಮೊದಲ ಹಂತ ಎಂದರು. ಗುಳಿಗೆ ಶುರುವಾಯಿತು. ಡಿಸೆಂಬರಿನಲ್ಲಿ ಸಮಿತಿ ಬಂದಾಗ ನಾನು ಫಾರ್ಮಿನ ತಪ್ಪನ್ನು ಮುಚ್ಚಿಡಲಿಲ್ಲ. ಪರೀಕ್ಷೆ ಮಾಡಿಸದೆ ಸಹಿ ಹಾಕಿದ್ದಕ್ಕೆ ಲಿಖಿತವಾಗಿಯೇ ಬೈಸಿಕೊಂಡೆ, ಉಳಿದ ಹತ್ತೊಂಬತ್ತು ಮನೆಮಂದಿಯನ್ನೂ ಡಾಕ್ಟರ ಮುಂದೆ ಕೂರಿಸಿದೆ. ಆದರೆ ಯಾವ ಡಾಕ್ಟರೂ ಹೆಸರಿಡದ, ಮನೆಯ ಸಂಶೋಧಕಿಯೇ ಕಾಣದ ರೋಗವನ್ನು ಯಂತ್ರ ಹಿಡಿದಿದೆ ಎಂಬುದಕ್ಕೆ ಏಳನೇ ನಂಬರಿಗಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಕಿವಿ ಉಳಿಯಿತು. ಈಗ ಎಂಟು ಜಿಲ್ಲೆಗಳಲ್ಲಿ ಇದೆ.

ಆರೋಗ್ಯವಂತರು ಆಸ್ಪತ್ರೆಗೆ ಬರದ ಊರಿನಲ್ಲಿ ಯಂತ್ರಕ್ಕೆ ಜನರನ್ನು ತಂದವರೂ ಮಾವನೇ. ನಮ್ಮ ಕರಪತ್ರಗಳಿಗೆ ಯಾರೂ ಬರಲಿಲ್ಲ. ಮಾವ ಚಹಾದಂಗಡಿಯಲ್ಲಿ ಕೂತು, ಬಸ್ಸು ಕೆಟ್ಟು ನಿಂತ ಮೇಲಷ್ಟೇ ಡಿಪೋಕ್ಕೆ ಬರುತ್ತದೇನು, ಐದು ಸಾವಿರ ಕಿಲೋಮೀಟರಿಗೊಮ್ಮೆ ತಾನಾಗಿ ಬರುವುದಿಲ್ಲವೇ, ಇದೂ ಸರ್ವಿಸಿಂಗ್ ಅಷ್ಟೆ ಎಂದು ಹೇಳತೊಡಗಿದರು. ರೋಗ ತಪಾಸಣೆಗೆ ಹೋಗಲು ನಾಚುತ್ತಿದ್ದವರಿಗೆ ಸರ್ವಿಸಿಂಗಿಗೆ ಹೋಗಲು ನಾಚಿಕೆ ಆಗಲಿಲ್ಲ. ಲ್ಯಾಬಿನ ಮುಂದೆ ಮಂಗಳವಾರ ಮುದುಕರ ಸಾಲು ನಿಲ್ಲುತ್ತದೆ. ನಂದು ಎಷ್ಟು ಕಿಲೋಮೀಟರ್ ಆಗಿದೆ ನೋಡವಾ ಎಂದು ತಬಸ್ಸುಮಳನ್ನು ಕೇಳುತ್ತಾರೆ.

ಮಾವನ ಮೂಗು ವಾಪಸು ಬರಲಿಲ್ಲ, ಬರುವುದೂ ಇಲ್ಲ. ಈಗ ತಟ್ಟೆ ಮುಂದೆ ಬಂದ ಕೂಡಲೇ ಆಹಾ ಏನು ಘಮ ಎನ್ನುತ್ತಾರೆ. ಅತ್ತೆ ಒಮ್ಮೆ ಬೇಕೆಂದೇ ಇಂಗಿಲ್ಲದ ಸಾರು ಬಡಿಸಿದರು. ಆಗಲೂ ಆಹಾ ಎಂದರು, ಸಿಕ್ಕಿಬಿದ್ದರು. ಕೈ ಪೂರ್ತಿ ನಿಂತಿಲ್ಲ, ಆದರೆ ಹೆಚ್ಚಾಗಿಯೂ ಇಲ್ಲ. ಓಣಿಯ ಮಿಕ್ಸರುಗಳು ಮತ್ತೆ ಪಡಸಾಲೆಗೆ ಬಂದಿವೆ. ಸ್ಕ್ರೂ ಕೂರಿಸಲು ಮೊದಲಿಗಿಂತ ಎರಡು ಪಟ್ಟು ಹೊತ್ತು ಹಿಡಿಯುತ್ತದೆ, ಆದರೆ ಕೂರಿಸುತ್ತಾರೆ.

ವರ್ಷ ತುಂಬಿದಾಗ ನಿಯಮದಂತೆ ಅವರ ತೋಳಿನಿಂದ ಮತ್ತೆ ತೊಗಲಿನ ತುಣುಕು ತೆಗೆದೆವು. ಗುಳಿಗೆ ಕೆಲಸ ಮಾಡಿದೆಯೋ ಇಲ್ಲವೋ ಅದರಲ್ಲಿ ಗೊತ್ತಾಗಬೇಕು. ಕಂಪ್ಯೂಟರಿಗೆ ಕೊಟ್ಟರೆ ಅರ್ಧ ಗಂಟೆಯ ಕೆಲಸ. ನಾನು ಕೊಡಲಿಲ್ಲ. ರೋಗವೇ ಇಲ್ಲದ ಒಂಬತ್ತು ಜನರ ತಟ್ಟೆಗಳ ನಡುವೆ ಮಾವನದನ್ನು ಸೇರಿಸಿ, ನಾನೇ ನಂಬರು ಅಂಟಿಸಿ, ಪಟ್ಟಿಯನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಅವರನ್ನು ಕರೆದೆ. ಹತ್ತರಲ್ಲಿ ನಿಮ್ಮದೊಂದಿದೆ ಎಂದೆ. ಅವರು ಬಲಗೈಯಲ್ಲಿ ಸ್ಕ್ರೂಡ್ರೈವರ್ ಹಿಡಿದುಕೊಂಡರು. ನಾನು ಆ ಕೈಯನ್ನೇ ನೋಡುತ್ತ ನಿಂತೆ.

ಎಲ್ಲ ತಟ್ಟೆಗೂ ಬಿಸಿ ಮಾಡಿ, ಲೋಡ್ ಹಾಕಿ, ಒಂದೊಂದಾಗಿ ಹಚ್ಚಿದಳು ತಬಸ್ಸುಮ್. ಒಂದು, ಎರಡು, ಮೂರು. ಮಾವ ತಲೆ ಆಡಿಸುತ್ತ ಮುಂದಿನದು ಎನ್ನುತ್ತಿದ್ದರು. ಏಳಕ್ಕೆ ಬಂದಾಗ ನಾನು ಸೆರಗಿನ ಗಂಟು ಮುಟ್ಟಿ ನೋಡಿಕೊಂಡೆ, ಅಲ್ಲಿ ಅವರದ್ದಿರಲಿಲ್ಲ, ಆದರೂ. ಹತ್ತನೆಯದು ಮುಗಿಯಿತು. ಮಾವ ಕಣ್ಣು ತೆರೆದರು. ಮೊದಲಿನಿಂದ ಇನ್ನೊಮ್ಮೆ ಹಚ್ಚಲು ಹೇಳಿದರು. ಹಚ್ಚಿದಳು. ಅದೂ ಮುಗಿಯಿತು.

“ಇದರಾಗ ಕ್ಲಚ್ ಕೆಟ್ಟದ್ದು ಒಂದೂ ಇಲ್ಲಲ್ಲವಾ,” ಎಂದರು. “ನಂದು ಇಡೂದು ಮರತೀಯೇನು?”

ಮರೆತಿಲ್ಲ, ಇಟ್ಟಿದ್ದೇನೆ ಎಂದೆ. ಮಾವ ನನ್ನ ಮುಖ ನೋಡಿದರು, ತಟ್ಟೆಗಳ ಸಾಲು ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

“ಹಂಗಾದ್ರ ಇದರಾಗ ನಂದ್ಯಾವುದು?”

ಸೆರಗಿನ ಗಂಟು ಬಿಚ್ಚಿ ಪಟ್ಟಿ ತೋರಿಸಬಹುದಿತ್ತು. ನಗು ಬರುತ್ತಿತ್ತು. ನೀವೇ ಹುಡುಕಿ ಎಂದೆ. ಮಾವ ಕುರ್ಚಿ ಎಳೆದುಕೊಂಡು ಕೂತು, ಸ್ಕ್ರೂಡ್ರೈವರನ್ನು ಮತ್ತೆ ಸ್ಪೀಕರಿಗೆ ತಾಗಿಸಿ, ಕಂಡಕ್ಟರಿಗೆ ರೈಟ್ ಎಂದು ಹೇಳಿ ಒಂದನೇ ನಂಬರಿನಿಂದ ಶುರು ಮಾಡಿದರು.